ಅಣ್ಣನಿಗಾಗಿ ಬರೆದ ಕೀರ್ತನೆ

ಪ್ರೀತಿಯ ಅಪ್ಪಾ,

ನೀವು ತೀರಿಹೋದಾಗಿನಿಂದ ಹೊಸನಗರದ ಚರ್ಚಿನ ಹಾರ್ಮೋನಿಯಂ ನಾನೇ ಬಾರಿಸುತ್ತಿದ್ದೇನೆ. ಇವತ್ತು ನಮ್ಮ ಚರ್ಚಿಗೆ ಹೊಸದಾಗಿ ಬಂದಿರುವ ಲವೀನಾಳ ಪುಟ್ಟ ಮಗನನ್ನು ಮಣ್ಣು ಮಾಡುವ ಮುಂಚೆ ನಿಮ್ಮ ಕೀರ್ತನೆ ಹಾಡಬೇಕಿತ್ತು. ಅವಳು ನನ್ನ ಹತ್ತಿರ ಬಂದು, "ಅಕ್ಕಾ, 'ಕೊಟ್ಟವನೇ, ನಿನ್ನ ಕೈಗೇ ಕೊಡುವೆ' ಅನ್ನೋ ಸಾಲು ನನ್ನ ಬಾಯಲ್ಲಿ ಬರಲ್ಲ. ಬರೆದವರಿಗೆ ಮಕ್ಕಳಿರಲಿಲ್ವಾ?" ಎಂದಳು.

"ಬರೆದದ್ದು ನಮ್ಮಪ್ಪ. ನನ್ನ ಅಣ್ಣ ಶರಾವತಿ ಹಿನ್ನೀರಲ್ಲಿ ಮುಳುಗಿ ಹೋದಾಗ ಬರೆದ್ರು."

"ಆ ಸಾಲನ್ನ ಅವರು ಹಾಡ್ತಿದ್ರಾ?"

ಪ್ರತಿ ಭಾನುವಾರ ನಿಮ್ಮ ಪಕ್ಕ ನಿಂತು ಹಾಡಿದವಳು ನಾನು. ಅಲ್ಲಿಗೆ ಬಂದಾಗ ನಿಮ್ಮ ಬೆರಳು ನಡೆಯುತ್ತಿತ್ತು, ಬಾಯಿ ಮುಚ್ಚಿರುತ್ತಿತ್ತು.

"ಇಲ್ಲ, ಬಾರಿಸ್ತಿದ್ರು ಅಷ್ಟೆ."

"ಹಾಗಾದ್ರೆ ನಾನೂ ಸುಮ್ನಿರಬಹುದು," ಎಂದು ಅವಳು ನನ್ನ ಪಕ್ಕದಲ್ಲೇ ಕೂತಳು.

ಆ ಸಾಲನ್ನು ಚರ್ಚಿಗೆ ಚರ್ಚೇ ಹಾಡಿತು, ಅಪ್ಪಾ. ಅವಳು, ನಾನು, ನೀವು, ನಾವು ಮೂವರು ಹಾಡಲಿಲ್ಲ.