ನಿನ್ನ ಪಾಲಿನ ಒಂದೂವರೆ ನಿಮಿಷ

ಮಗಳೇ, ನಮ್ಮ ಮನೆಯ ಲಾಯರಮ್ಮ,

ಊಟದ ಮೇಜಿನ ಬಳಿ, ನಿನ್ನ ಕುರ್ಚಿಯ ಎದುರು ಕುಳಿತು ಇದನ್ನು ಬರೆಯುತ್ತಿದ್ದೇನೆ. ನನ್ನ ಮುಂದೆ ಮೂಳೆ ಮಜ್ಜೆಯ ಪರೀಕ್ಷೆಯ ಎರಡು ವರದಿಗಳಿವೆ. ಒಂದು ಕಳೆದ ವರ್ಷ ಬಿಡದ ಜ್ವರಕ್ಕೆಂದು ಮಾಡಿಸಿದ ನನ್ನದು, ಇನ್ನೊಂದು ನಿನ್ನದು. ಎರಡರಲ್ಲೂ ಜೀವಕೋಶಗಳ ಪ್ರಮಾಣ ಶೇಕಡಾ ಮೂವತ್ತು. ನನ್ನದರ ಕೆಳಗೆ ‘ನಾರ್ಮಲ್’ ಎಂದಿದೆ. ನಿನ್ನದರ ಕೆಳಗೆ ‘ವಯಸ್ಸು ಮತ್ತು ರೋಗಲಕ್ಷಣಗಳೊಂದಿಗೆ ತಾಳೆ ನೋಡುವುದು’ ಎಂದಿದೆ. ಸರ್ಕಾರಿ ಕಾಗದಗಳ ಕೊನೆಯಲ್ಲಿ ಇಂಥ ಸಾಲುಗಳನ್ನು ನಾನೇ ಸಾವಿರ ಸಲ ಬರೆದಿದ್ದೆ. ಆದುದರಿಂದ ಅದಕ್ಕೆ ಅರ್ಥವಿರಬಹುದೆಂದು ನನಗೆ ತೋರಲಿಲ್ಲ.

ಮನೆಯಲ್ಲಿ ಭಿನ್ನಾಭಿಪ್ರಾಯ ಬಂದರೆ ಪ್ರತಿಯೊಬ್ಬರಿಗೂ ಎರಡು ನಿಮಿಷ, ಅವಧಿ ಮುಗಿದೊಡನೆ ಲೋಟಕ್ಕೆ ಚಮಚದ ಒಂದು ಏಟು: ಈ ನಿಯಮವನ್ನು ನನ್ನ ಕಾಲೇಜಿನ ಚರ್ಚಾಸ್ಪರ್ಧೆಗಳಿಂದ ನಾನೇ ತಂದೆ. ಏಳನೆಯ ವಯಸ್ಸಿನಲ್ಲಿ ಬೆಕ್ಕು ಸಾಕುವ ವಿಷಯದಲ್ಲಿ ನೀನು ನನ್ನನ್ನು ಸೋಲಿಸಿದಾಗ, “ಅಂತೂ ನಿಮ್ಮ ಬಾಯಿಗೆ ಬೀಗ ಹಾಕೋಳು ಹುಟ್ಟಿದ್ಲು” ಎಂದು ನಕ್ಕು ನಿನ್ನ ಅಮ್ಮ ‘ಲಾಯರಮ್ಮ’ ಎಂಬ ಅಡ್ಡಹೆಸರಿಟ್ಟಳು. ನೀನು ವಕೀಲೆಯಾಗಲಿಲ್ಲ, ಹೊಲಿಗೆ ಅಂಗಡಿಯಲ್ಲಿ ಅಳತೆ ತೆಗೆದು ಬಟ್ಟೆ ಕತ್ತರಿಸುವ ಕೆಲಸ ಹಿಡಿದೆ. ನಾನು ತೂಕ ಮತ್ತು ಅಳತೆಯ ಇನ್ಸ್‌ಪೆಕ್ಟರ್ ಆಗಿದ್ದವನು. ಯಾವ ಅಂಗಡಿಗೆ ಹೋದರೂ ಕಿಲೋ ಕಿಲೋವೇ ಆಗಿರಬೇಕು ಎಂಬುದೇ ನನ್ನ ಜೀವಮಾನದ ನಂಬಿಕೆ.

ಕತ್ತರಿ ಹಿಡಿಯುವ ಬೆರಳಿನ ಬುಡದಲ್ಲಿ ಮೊದಲು ನೀಲಿ ಕಲೆಗಳು ಕಂಡವು. ಆಮೇಲೆ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ನಮ್ಮ ಬೀದಿಯ ವೈದ್ಯರು ಪರೀಕ್ಷೆ ಮಾಡಿಸಿ, ವರದಿ ಬಂದ ಕೂಡಲೇ ರಕ್ತರೋಗ ತಜ್ಞರನ್ನು ಕಾಣಬೇಕೆಂದು ಹೇಳಿ ಸೋಮವಾರಕ್ಕೆ ಸಮಯವನ್ನೂ ಗೊತ್ತು ಮಾಡಿಕೊಟ್ಟರು. ಶನಿವಾರ ವರದಿ ಬಂತು. ಕ್ಯಾನ್ಸರಿನ ಕೋಶಗಳಿಲ್ಲ ಎಂಬ ಸಾಲನ್ನು ಓದಿ ನಾನು ನನ್ನ ಹಳೆಯ ವರದಿಯನ್ನು ಹುಡುಕಿ ತಂದು ಪಕ್ಕಕ್ಕಿಟ್ಟೆ. ಅಂಕಿ ಒಂದೇ ಆದ ಮೇಲೆ ತೀರ್ಮಾನ ಎರಡಾಗುವುದು ಹೇಗೆ ಎಂದು ಎರಡು ನಿಮಿಷ ಪೂರ್ತಿ, ಒಂದು ಪದವೂ ತೊದಲದೆ ವಾದಿಸಿದೆ. ಹೋಗಿಬರುವುದರಲ್ಲಿ ನಷ್ಟವೇನು ಎಂದು ಅಮ್ಮ ಕೇಳಿದಳು. ಅವಳ ಸರದಿ ಇನ್ನೂ ಬಂದಿಲ್ಲವೆಂದು ಅವಳ ಬಾಯಿ ಮುಚ್ಚಿಸಿದೆ.

ನೀನು ಹೇಳಿದ್ದು ಒಂದೇ ಮಾತು. “ಅಪ್ಪ, ನಿಮ್ಮ ಅಂಗಿ ನನಗೆ ಸರಿಹೋಗುತ್ತಾ?”

ಹಾಸ್ಯ ವಾದವಾಗುವುದಿಲ್ಲ ಎಂದೆ ನಾನು. ನೀನು ಮತ್ತೇನನ್ನೋ ಹೇಳಹೊರಟು ಮೇಜಿಗೆ ಕೈಯೂರಿ ನಿಂತುಬಿಟ್ಟೆ. ಗಡಿಯಾರದಲ್ಲಿ ಆಗ ಅರ್ಧ ನಿಮಿಷವಷ್ಟೇ ಕಳೆದಿತ್ತು. ನಿನ್ನಲ್ಲಿ ಉತ್ತರವಿಲ್ಲ ಎಂದುಕೊಂಡು ನಾನು ಚಮಚ ಬಾರಿಸಿದೆ. ನಿನಗೆ ಉತ್ತರವಿತ್ತು. ಉಸಿರಿರಲಿಲ್ಲ.

ಸೋಮವಾರ ಹೋಗಲಿಲ್ಲ. ಐದು ವಾರಗಳ ನಂತರ ಅಂಗಡಿಯಲ್ಲಿ, ಯಾರದೋ ಮದುವೆಯ ಬಟ್ಟೆಯ ಮೇಲೆ, ನಿನ್ನ ಮೂಗಿನಿಂದ ಬಿದ್ದ ರಕ್ತ ಸಂಜೆಯವರೆಗೂ ನಿಲ್ಲಲಿಲ್ಲ. ಆಸ್ಪತ್ರೆಯಲ್ಲಿ ತಜ್ಞೆ ಎರಡೂ ವರದಿ ನೋಡಿ ನನಗೆ ವಿವರಿಸಿದರು. “ಮಜ್ಜೆಯಲ್ಲಿ ರಕ್ತ ಹುಟ್ಟಿಸೋ ಕೋಶ ಎಷ್ಟು, ಕೊಬ್ಬು ಎಷ್ಟು ಅಂತ ನೋಡ್ತೀವಿ. ವಯಸ್ಸಾದ ಹಾಗೆ ಕೋಶ ಕಡಿಮೆ ಆಗುತ್ತೆ, ಕೊಬ್ಬು ಜಾಸ್ತಿ ಆಗುತ್ತೆ. ಅಂದಾಜಿಗೆ ನೂರರಲ್ಲಿ ವಯಸ್ಸು ಕಳೀರಿ. ಅರವತ್ತಾರರ ನಿಮಗೆ ಮೂವತ್ತು ಸರಿ. ಇಪ್ಪತ್ಮೂರರ ಹುಡುಗಿಗೆ ಎಪ್ಪತ್ತರ ಮೇಲಿರಬೇಕಿತ್ತು.” ನಿನ್ನ ಮಜ್ಜೆ ರಕ್ತ ಹುಟ್ಟಿಸುವುದನ್ನೇ ನಿಲ್ಲಿಸುತ್ತ ಬಂದಿತ್ತು. ಅಂದರೆ ನಿನ್ನ ದೇಹಕ್ಕೆ ನಾನು ನನ್ನ ಅಂಗಿಯನ್ನೇ ತೊಡಿಸಿ ಸರಿಯಾಗಿದೆ ಎಂದಿದ್ದೆ.

ಸೋಂಕು ತಗುಲಿದ ಮೇಲೆ ನೀನು ಹನ್ನೊಂದು ದಿನ ಉಳಿದೆ. ಒಂಬತ್ತನೆಯ ದಿನ ಕಣ್ಣು ತೆರೆದು, “ಅಂಗಿ ವಾದ ನಾನೇ ಗೆದ್ದೆ ಅಲ್ವಾ?” ಎಂದು ಕೇಳಿದೆ. ನಿನ್ನ ತುಟಿಯಲ್ಲಿ ನಗುವಿತ್ತು. ಮಾತಾಡಬೇಡ, ಸುಸ್ತಾಗುತ್ತದೆ ಎಂದೆ. ಹೌದು ಎನ್ನಲು ಎರಡು ನಿಮಿಷ ಬೇಕಾಗಿರಲಿಲ್ಲ.

ಐದು ವಾರ ಮೊದಲೇ ಬಂದಿದ್ದರೆ ಉಳಿಯುತ್ತಿದ್ದಳೋ ಇಲ್ಲವೋ ಹೇಳಲಾಗದು ಎಂದರು ತಜ್ಞೆ. ನೆಂಟರು ಆ ಮಾತನ್ನೇ ಸಮಾಧಾನವೆಂದು ನನ್ನ ಕೈಗಿಡುತ್ತಾರೆ. ಸಂದೇಹದ ಲಾಭ ಆರೋಪಿಗೆ ಸಲ್ಲುವುದು ನ್ಯಾಯಾಲಯದಲ್ಲಿ. ಈ ಮೇಜಿನ ಬಳಿ ಅದನ್ನು ಕೇಳುವ ಹಕ್ಕು ನನಗಿಲ್ಲ.

ನೀನು ಗೆದ್ದೆ, ಮಗಳೇ. ಇದನ್ನು ಬರೆದು ಕೊಡುತ್ತಿದ್ದೇನೆ.

ಈಗ ಮಧ್ಯಾಹ್ನ ಊಟಕ್ಕೆ ಕುಳಿತಾಗ ಮೊದಲ ತುತ್ತಿಗೆ ಮುನ್ನ ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಡುತ್ತೇನೆ. ಅಂದು ನಿನ್ನ ಪಾಲಿಗೆ ಉಳಿದಿದ್ದ ಒಂದೂವರೆ ನಿಮಿಷ ಮಾತಾಡುವುದಿಲ್ಲ. ಏಕೆಂದು ನಿನ್ನ ಅಮ್ಮ ಕೇಳಿಲ್ಲ. ಮೊದಲ ದಿನವೇ ನನ್ನ ತಟ್ಟೆಯ ಪಕ್ಕದಿಂದ ಚಮಚ ಎತ್ತಿ ಒಳಗಿಟ್ಟಳು.

ಇನ್ನು ಯಾರೂ ಬಾರಿಸುವುದಿಲ್ಲ. ಎಲ್ಲಿದ್ದರೂ ನಿನ್ನ ಉಸಿರು ಹಗುರವಾಗಿರಲಿ. ನಿಧಾನವಾಗಿ ಹೇಳು, ಕೇಳುತ್ತಿದ್ದೇನೆ.

ನಿನ್ನೆದುರು ಸೋತು, ತಡವಾಗಿ ಒಪ್ಪಿಕೊಂಡ
ಅಪ್ಪ