ಸಂದಿಗೆ ಮರಳು ಕೂಡದು

ಜೂನ್ 3
ಹನ್ನೊಂದು ಸಾಲು ಬ್ಲಾಕ್ ಹಾಸಿ ಮುಗಿಯಿತು. ಮಳೆ ಬಂದರೆ ಆಸ್ಪತ್ರೆ ಅಂಗಳದ ನೀರೆಲ್ಲ ಹೆರಿಗೆ ವಾರ್ಡಿಗೆ ನುಗ್ಗುತ್ತದೆ. ಅದಕ್ಕೇ ಈ ಹೊಸ ನೆಲ — ನೀರು ಬ್ಲಾಕುಗಳ ಸಂದಿಯಲ್ಲಿ ಇಳಿದು ಅಡಿಯ ಜಲ್ಲಿ ಸೇರಬೇಕು. ಸಂದಿಗೆ ಸಣ್ಣ ಜಲ್ಲಿ ಮಾತ್ರ. ಮರಳು ಕೂಡದು, ನೀರು ಕಟ್ಟಿಕೊಳ್ಳುತ್ತದೆ. ಎಲ್ಲರಿಗೂ ಹೇಳಿದೆ, ಮೇಸ್ತ್ರಿಗೆ ಎರಡು ಸಲ. ಮೇಸ್ತ್ರಿ ಎಂದರೆ ಅಪ್ಪ. ಸೈಟಿನಲ್ಲಿ ನನ್ನನ್ನು ‘ಮೇಡಂ’ ಎನ್ನುತ್ತಾರೆ, ಮೀಸೆಯಲ್ಲೇ ನಗುತ್ತಾ.

ಜೂನ್ 4
ಟೆಸ್ಟ್. ಹಾಸಿದ ನೆಲದ ಮೇಲೆ ಕಬ್ಬಿಣದ ರಿಂಗ್ ಇಟ್ಟು ಅದರೊಳಗೆ ಒಂದು ಬಕೆಟ್ ನೀರು ಸುರಿದೆ. ಅರ್ಧ ನಿಮಿಷದಲ್ಲಿ ಇಂಗಬೇಕಿತ್ತು. ಹತ್ತು ನಿಮಿಷವಾದರೂ ಹಾಗೇ ನಿಂತಿತ್ತು. ಸಂದಿ ಕೆದಕಿದರೆ ಮರಳು! ಕೂಲಿಯವರ ಮೇಲೆ ಹರಿಹಾಯ್ದೆ. ಒಬ್ಬಳು ಅಪ್ಪನ ಕಡೆ ನೋಡಿ ಮತ್ತೆ ಬುಟ್ಟಿ ಎತ್ತಿಕೊಂಡಳು.

ಜೂನ್ 6
ಬೆಳಿಗ್ಗೆ ಬೇಗ ಹೋದೆ. ಅಪ್ಪ ಮೊಣಕಾಲೂರಿ ಪೊರಕೆಯಲ್ಲಿ ಸಂದಿಗೆ ಮರಳು ತುಂಬುತ್ತಿದ್ದರು. ಎಷ್ಟು ನೀಟು…
“ಅಪ್ಪಾ, ಬೇಡ ಅಂದಿದ್ನಲ್ಲ?”
“ಯಾವಾಗಂದೆ? ಸಂದಿ ಬಾಯಿ ಬಿಟ್ಕೊಂಡಿರೋ ಕೆಲ್ಸ ನನ್ ಕೈದಲ್ಲ ಕಣೇ. ನೋಡ್ದೋರು ಉಗೀತಾರೆ.”
ಬಿಡಿಸಿ ಹೇಳಿದೆ. “ಹೌದಾ? ಸರಿ ಬಿಡು” ಎಂದರು. ಮಧ್ಯಾಹ್ನ ಮತ್ತೆ ಅದೇ ಪೊರಕೆ. ಹಟವಲ್ಲ, ನೆನಪಿಲ್ಲ. ಬೆಳಿಗ್ಗೆ ಹಟ ಎಂದುಕೊಂಡಿದ್ದೆ; ಮೊನ್ನೆ ಸುಮ್ಮನೆ ಕೂಲಿಯವರಿಗೆ ಬೈದೆ.

ಜೂನ್ 11
ಬರೆಯುವ ಮನಸ್ಸಿರಲಿಲ್ಲ. ಎಲ್ಲ ಸಾಲು ಕಿತ್ತು ಹೊಸದಾಗಿ ಹಾಕಿಸುತ್ತಿದ್ದೇವೆ. ಗೇಟಿನವನಿಗೆ ಹೇಳಿದೆ, ನಾಳೆಯಿಂದ ಮೇಸ್ತ್ರಿಯನ್ನು ಒಳಗೆ ಬಿಡಬೇಡ ಎಂದು. ಅಪ್ಪನಿಗೆ ಹೇಳುವ ಧೈರ್ಯ ಬರಲಿಲ್ಲ. ನನಗೆ ಕರಣೆ ಹಿಡಿಯಲು ಕಲಿಸಿದವರೇ ಅವರು.

ಜೂನ್ 12, ಸಂಜೆ
ಅಪ್ಪ ಕೆಂಡಾಮಂಡಲ. “ಗೇಟಿನೋನು ಒಳಗೇ ಬಿಡ್ಲಿಲ್ಲ! ನನ್ ಮಗ್ಳೇ ಇಲ್ಲಿ ಸೂಪರ್‌ವೈಸರ್, ಗೊತ್ತೇನಯ್ಯಾ ಅಂದೆ. ನೀನೇ ಅವನಿಗೆ ಬುದ್ಧಿ ಹೇಳ್ಬೇಕು.”
“ಹೇಳ್ತೀನಪ್ಪ” ಎಂದೆ.

ಜೂನ್ 19
ಜಡಿಮಳೆ. ಅಂಗಳದಲ್ಲಿ ಎಲ್ಲೂ ನೀರು ನಿಲ್ಲಲಿಲ್ಲ. “ಈ ಸಲ ತೊಟ್ಟಿಲು ಎತ್ತಿಡೋ ಗೋಳಿಲ್ಲ ಮೇಡಂ” ಎಂದಳು ನರ್ಸ್. ಖುಷಿಪಡಬೇಕಿತ್ತು.
ಒಂದು ವಾರದಿಂದ ಅಪ್ಪ ದಿನಾ ಹೋಗುತ್ತಾರೆ, ದಿನಾ ವಾಪಸ್ಸು. ಪ್ರತಿ ಸಲವೂ ಅವರಿಗೆ ಮೊದಲ ಸಲ. ಪ್ರತಿ ಸಂಜೆ ಅದೇ ದೂರು, ಅದೇ ನನ್ನ ಸುಳ್ಳು. ಇವತ್ತು ನೆನೆದು ತೊಪ್ಪೆಯಾಗಿ ಬಂದರು.
“ಯಾರೋ ಬಿಡ್ಬೇಡ ಅಂದಿದಾರಂತೆ. ಯಾರು ಅಂತ ನಿಂಗೇನಾದ್ರೂ ಗೊತ್ತಾ?”
“ನಾನೇ ಅಪ್ಪ.”
ಒದ್ದೆ ಟವಲಿನಲ್ಲಿ ಮುಖ ಮುಚ್ಚಿಕೊಂಡರು. ಆಮೇಲೆ ಅತ್ತರು. ಅಪ್ಪ ಅಳುವುದನ್ನು ನಾನು ಇದುವರೆಗೆ ಕಂಡೇ ಇರಲಿಲ್ಲ. ನಾಳೆಗೆ ಇದೂ ಮರೆತಿರುತ್ತದೆ. ಸಂಜೆ ಬಂದು ಮತ್ತೆ ಕೇಳುತ್ತಾರೆ. ಆಗ ನಾನು ಮತ್ತೆ ಅಳಿಸಲೋ, ಹಳೇ ಸುಳ್ಳನ್ನೇ ಹೇಳಲೋ —