ಒಲ್ಲೆ ಅನ್ನುವ ಮೊದಲು

ಗಲಗಲಿ
೬ ಡಿಸೆಂಬರ್ ೨೦೧೦, ಸೋಮವಾರ

ಪ್ರೀತಿಯ ಮಾಯಾ,

ರನ್ನ ಬೆಳಗಲಿಯಲ್ಲಿ ನಿನ್ನ ಅವ್ವ ಹಾಲವ್ವನವರ ಕಾಲು ಹೇಗಿದೆ? ಪಟ್ಟಿ ಬಿಚ್ಚಿದರೋ? ಕೋಲು ಹಿಡಿದಾದರೂ ಹಿತ್ತಲಿಗೆ ಹೋಗಿಬರುತ್ತಾರೋ? ನಿನ್ನ ಕೆಮ್ಮು ಕಡಿಮೆಯಾಯಿತೇ? ಈ ಥಂಡಿಯಲ್ಲಿ ಒದ್ದೆ ತಲೆಯಲ್ಲಿ ಹೊರಗೆ ನಿಲ್ಲಬೇಡ. ಇಲ್ಲಿ ನಾವೆಲ್ಲ ಆರಾಮ. ನಿನ್ನ ಪೂನಮ್ ಸಾಲಿಗೆ ಹೋಗುತ್ತಾಳೆ, ಉಣ್ಣುವಾಗ ಮಾತ್ರ ನೀನೇ ಬೇಕೆಂದು ಹಟ ಮಾಡುತ್ತಾಳೆ. ಮುಂದಿನ ಹಲ್ಲು ಬಿದ್ದಿದೆ. ಅವ್ವ ಬರುವವರೆಗೂ ನಗುವುದಿಲ್ಲ ಎನ್ನುತ್ತಾಳೆ, ಮರುಗಳಿಗೆಯೇ ಮರೆತು ನಗುತ್ತಾಳೆ.

ಫೋನು ನಿನ್ನ ದೊಡ್ಡ ಮಾವ ಗಿರಮಲ್ಲಪ್ಪನವರ ಕಿಸೆಯಲ್ಲೇ ಇರುತ್ತದೆ. ಅವರು ಪಕ್ಕದಲ್ಲಿ ನಿಂತರೆ ನನಗೆ ಮಾತು ಹೊರಡುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಬಾಡಗಂಡಿಯ ಮಾಳಿಂಗರಾಯನನ್ನು ಒಲ್ಲೆ ಎಂದು ಹೇಳಿಕಳಿಸಿದೆಯಂತೆ. ಹೆಂಡತಿ ತೀರಿದವನು, ಕಬ್ಬಿನ ಟ್ರ್ಯಾಕ್ಟರ್ ಹೊಡೆಯುತ್ತಾನೆ, ಕುಡಿತವಿಲ್ಲ. ಗಂಡ ಸತ್ತವಳಿಗೆ ಸೀರೆ ಉಡಿಸಿ ಮತ್ತೆ ಮನೆ ತುಂಬಿಸಿಕೊಳ್ಳುವ ಉಡಿಕೆ ನಮ್ಮಲ್ಲಿ ನಾಚುವಂಥದ್ದೂ ಅಲ್ಲ. ದುಂಡೇಶ ಹೋಗಿ ಮೂರು ಮಳೆಗಾಲವಾಯಿತು. ನನ್ನ ಮಗನಿಗಾಗಿ ನಾನು ಅಳುತ್ತೇನೆ, ನೀನು ಇಪ್ಪತ್ತೈದಕ್ಕೇ ಬದುಕಿಗೆ ಅಗಳಿ ಹಾಕಿಕೊಳ್ಳಬೇಕಿಲ್ಲ.

ನೀನು ಯಾಕೆ ಒಲ್ಲೆ ಎಂದೆ ಎಂಬುದು ನನಗೆ ಗೊತ್ತು. ಮಾಳಿಂಗರಾಯನ ಹಿರಿಯರು ಕೇಳಲು ಬಂದ ದಿನ ದೊಡ್ಡ ಮಾವ ಕಟ್ಟೆಯ ಮೇಲೆ ಕುಳಿತು, "ಆಕಿ ಹೋಗೂದಾದ್ರ ಹೋಗ್ಲಿ, ಬ್ಯಾಡ ಅನ್ನಂಗಿಲ್ಲ. ಆದ್ರ ಮನಿ ಕೂಸು ಮನ್ಯಾಗ ಇರಬೇಕು" ಎಂದರು. ನೀನು ತಲೆ ಬಗ್ಗಿಸಿದೆ. ಅದೇ ಬಾಯಿಂದ ಅದೇ ಮಾತನ್ನು ಒಮ್ಮೆ ನಾನೂ ಕೇಳಿದ್ದೆ, ಮಾಯಾ.

ನಿನಗೆ ಇದನ್ನು ಎಂದೂ ಹೇಳಿಲ್ಲ. ದುಂಡೇಶ ಅಂಬೆಗಾಲಿಡುವಾಗಲೇ ನಿನ್ನ ಮಾವ ತೀರಿಕೊಂಡರು. ವರ್ಷ ಕಳೆದ ಮೇಲೆ ಜಮಖಂಡಿ ಕಡೆಯ ನಿಂಗಣ್ಣ ಎಂಬ ಕುರಿಗಾರ ನನ್ನನ್ನು ಉಡಿಕೆಗೆ ಕೇಳಲು ಬಂದ. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಹೊರಗಿನಿಂದ ಭಾವ, ನಿನ್ನ ಇದೇ ದೊಡ್ಡ ಮಾವ, "ಕೂಸನ್ನ ಬಿಟ್ಟು ಹೊಕ್ಕೀಯೇನ ಸಾತವ್ವ?" ಎಂದು ಕೂಗಿದರು. ಎದ್ದು ಹೊರಗೆ ಹೋಗಿ, ಕೂಸಿನ ಕೂಡ ಆದರೆ ಹೋಗುತ್ತೇನೆ ಎನ್ನಬೇಕೆಂದಿತ್ತು. ಕೈಗೆಲ್ಲ ಹಿಟ್ಟು. ತೊಳೆದುಕೊಳ್ಳುವಷ್ಟರಲ್ಲಿ ಧೈರ್ಯ ಹೋಯಿತು. ಕೂತಲ್ಲಿಂದಲೇ "ಒಲ್ಲೆ" ಎಂದೆ. ಆತ ಚಹಾ ಕುಡಿದು ಹೋದ.

ಎಷ್ಟೋ ವರ್ಷಗಳ ಮೇಲೆ ಮುಧೋಳದ ಸಂತೆಯಲ್ಲಿ ಎದುರಾದ. ಹೆಂಡತಿ ಮಕ್ಕಳು ಬಳೆ ಅಂಗಡಿಯತ್ತ ಹೋದಾಗ ಮೆಲ್ಲಗೆ, "ಕೂಸನ್ನೂ ಕರಕೊಂಡ ಬಾ ಅಂತ ಹೇಳಾಕ ಬಂದಿದ್ದೆ ಬೇ. ನೀ ಹೊರಗ ಬರಲೇ ಇಲ್ಲ" ಎಂದ. ನಾನು ಬದನೆಕಾಯಿ ಆರಿಸುತ್ತಲೇ ಇದ್ದೆ, ಏನು ಆರಿಸಿದೆನೋ ಗೊತ್ತಿಲ್ಲ.

ಹೋಗಿದ್ದರೆ ದುಂಡೇಶ ಈ ಊರಲ್ಲಿ ಬೆಳೆಯುತ್ತಿರಲಿಲ್ಲ. ಹಿನ್ನೀರು ಏರಿದ ದಿನ ಹೊಳೆದಂಡೆಯ ಮೋಟಾರು ಎತ್ತಲು ಹೋಗಿ ಕರೆಂಟು ಹೊಡೆದು ಸಾಯುತ್ತಿರಲಿಲ್ಲ. ಮನಸ್ಸು ಹೀಗೆಲ್ಲ ಓಡುತ್ತದೆ. ಆದರೆ ಹಾಗಾಗಿದ್ದರೆ ನೀನೂ ನನಗೆ ಸಿಗುತ್ತಿರಲಿಲ್ಲ, ಪೂನಮ್ ಹುಟ್ಟುತ್ತಲೇ ಇರಲಿಲ್ಲ. ಅಲ್ಲಿಗೆ ಆ ಯೋಚನೆ ಬಿಟ್ಟುಬಿಡುತ್ತೇನೆ.

ಮೊನ್ನೆ ಮಾಳಿಂಗರಾಯ ರಸ್ತೆಯಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿ ನನ್ನನ್ನು ಮಾತಾಡಿಸಿದ. ಕೂಸೂ ಬಂದರೆ ಏನು ಮಾಡುತ್ತೀಯಪ್ಪಾ ಎಂದು ನಾನೇ ಬಾಯಿಬಿಟ್ಟು ಕೇಳಿದೆ. "ಕೂಸು ಬರಲಿಲ್ಲಂದ್ರ ಆಕಿ ಹೆಂಗ ಇರ್ತಾಳ್ರೀ?" ಎಂದ. ಆದರೆ ಅವರ ಹಿರಿಯರು ಶುಕ್ರವಾರ ಬೀಳಗಿಯಲ್ಲಿ ಇನ್ನೊಂದು ಹೆಣ್ಣು ನೋಡಲು ಹೊರಟಿದ್ದಾರೆ. ಈ ಕಾಗದ ಅಷ್ಟರೊಳಗೆ ಮುಟ್ಟುತ್ತದೋ ಇಲ್ಲವೋ ತಿಳಿಯದು. ಮುಟ್ಟಿದ ಕೂಡಲೇ ಅವರಿಗೆ ಸುದ್ದಿ ಕಳಿಸು ಮಗಳೇ.

ಬೀರೇಶ್ವರ ನಿನ್ನ ಬೆನ್ನಿಗಿರಲಿ. ಹಾಲವ್ವನವರಿಗೆ ನಾನು ಕೇಳಿದೆನೆಂದು ಹೇಳು.

ನಿನ್ನ ಅತ್ತೆ,
ಸಾತವ್ವ

ತಾ.ಕ.: ಇಂದು ಮಧ್ಯಾಹ್ನ ಸಾಲಿಗೆ ಹೋಗಿ ಪೂನಮ್‌ಳ ದಾಖಲೆ ಬಿಡಿಸಿಕೊಂಡು ಬಂದೆ. ದೊಡ್ಡ ಮಾವನಿಗೂ, "ಕೂಸು ಅದರವ್ವನ ಕೂಡ ಹೊಕ್ಕೈತ್ರಿ" ಎಂದು ಹೇಳಿಯಾಯಿತು. ಅವರು ಚಪ್ಪಲಿ ಮೆಟ್ಟಿ ಹೊಲದ ಕಡೆ ಹೊರಟುಹೋದರು. ಗುರುವಾರ ಮುಂಜಾನೆಯ ಬಸ್ಸಿಗೆ ಅವಳನ್ನು ಕರೆದುಕೊಂಡು ಬರುತ್ತೇನೆ. ನಾನು ತಿರುಗಿ ಹೊರಟಾಗ ನನ್ನ ಸೆರಗು ಹಿಡಿದು ಅತ್ತಾಳು. ನಾನೂ ಅಳಬಹುದು. ಆಗ ಮರುಗಿ, ಇನ್ನೆರಡು ದಿನ ನೀವೇ ಇಟ್ಟುಕೊಳ್ಳಿರಿ ಅತ್ತಿ ಎಂದು ಮಾತ್ರ ಅನ್ನಬೇಡ. ನಾನು ಹೂಂ ಅಂದುಬಿಡುತ್ತೇನೆ.